ಎದುರಿಗಿಲ್ಲದವರ ಮಾತು

ಜೂನ್ ೩, ಸೋಮವಾರ

ಇವತ್ತಿನಿಂದ ಇಪ್ಪತ್ತೊಂದು ದಿನ ನಾನು ಎದುರಿಗಿಲ್ಲದವರ ಮಾತು ಆಡಬಾರದಂತೆ. ಪಾದ್ರಿಗಳ ಅಪ್ಪಣೆ. ಕೆಟ್ಟದ್ದನ್ನಷ್ಟೇ ಅಲ್ಲ, ಒಳ್ಳೆಯದನ್ನೂ ಆಡಬಾರದು. ಒಳ್ಳೆಯದಕ್ಕೇನಡ್ಡಿ ಎಂದು ಕೇಳಿದೆ. "ನೀವು ಒಳ್ಳೇದರಿಂದಾನೇ ಶುರು ಮಾಡೋದಮ್ಮ. ಆಮೇಲೆ ಅದು ಎಲ್ಲಿಗೆ ಹೋಗಿ ಮುಟ್ಟುತ್ತೆ ಅನ್ನೋದು ಸಭೆಗೆಲ್ಲ ಗೊತ್ತು" ಎಂದರು. ಹಾಗಾದರೆ ದೇವರ ಹತ್ತಿರವೂ ಯಾರ ಮಾತೂ ಎತ್ತಬಾರದೋ? "ಎತ್ತಿ. ಬಾಗಿಲು ಹಾಕ್ಕೊಂಡು ಎತ್ತಿ" ಎಂದರು. ಅವರು ನಗುತ್ತಿದ್ದರೋ ಇಲ್ಲವೋ, ಗಡ್ಡದ ದೆಸೆಯಿಂದ ಗೊತ್ತಾಗಲಿಲ್ಲ.

ಆಗಲಿ ಎಂದು ಬಂದೆ. ಇಪ್ಪತ್ತೊಂದಲ್ಲ, ನಲವತ್ತೆರಡು ದಿನ ಬೇಕಾದರೂ ಇದ್ದು ತೋರಿಸುತ್ತೇನೆ. ಆದರೆ ಬರೆಯಬಾರದು ಎಂದು ಯಾರೂ ಹೇಳಿಲ್ಲ. ಬೀಗ ಬಿದ್ದಿರುವುದು ಬಾಯಿಗೆ, ಕೈಗಲ್ಲ. ಈ ನೋಟ್‌ಬುಕ್ಕಿನಲ್ಲಿ ಯಾರ ವಿಷಯವನ್ನು ಬೇಕಾದರೂ ಉಪ್ಪು ಖಾರ ಹಚ್ಚಿ ಬರೆಯುತ್ತೇನೆ. ಓದುವವಳೂ ನಾನೇ, ಯಾರಿಗೂ ನಷ್ಟವಿಲ್ಲ.

ಮೊದಲು ನನ್ನ ಮಹಾಪರಾಧವನ್ನೇ ಬರೆದಿಡುತ್ತೇನೆ. ನಾನು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ಟು ಮಾಡುವವಳು. ನನ್ನ ತಂಗಿಗೆ ಮೂವತ್ತೊಂಬತ್ತು. ವಸಡಿನ ರೋಗದಿಂದ ಅವಳ ಮೇಲಿನ ಹಲ್ಲೆಲ್ಲ ಹೋಗಿ ಎರಡು ವರ್ಷವಾಯಿತು. ಅವಳ ಸೆಟ್ಟು ಮಾಡಿದವಳೂ ನಾನೇ. ಮೊದಲಿದ್ದ ಹಾಗೆಯೇ ಕಾಣಲಿ ಎಂದು ಒಂದು ಹಲ್ಲನ್ನು ಚೂರು ವಾರೆಯಾಗಿ ಕೂರಿಸಿದ್ದೆ. ಅವಳು ಆರಾಧನೆಯಲ್ಲಿ ಒಬ್ಬಳೇ ನಿಂತು ಹಾಡುವಾಗಲೂ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಿದ್ದದ್ದು ಕ್ಲಿನಿಕ್ಕಿನವರಿಗೆ, ಅಮ್ಮನಿಗೆ ಮತ್ತು ನನಗೆ. ಈಗ ಅವಳಿಗೆ ಮದುವೆಯ ಮಾತು ಬಂದಿತ್ತು. ಗಂಡು ನಮ್ಮ ಸಭೆಯವರೇ, ಹೆಂಡತಿ ತೀರಿಕೊಂಡ ಲೆಕ್ಕದ ಮೇಷ್ಟ್ರು. ಎಲ್ಲ ಒಪ್ಪಿಗೆಯಾಗಿ ದಿನ ಗೊತ್ತುಮಾಡುವುದಷ್ಟೇ ಉಳಿದಿತ್ತು.

ಅಂಥ ಹೊತ್ತಿನಲ್ಲಿ, ಶುಕ್ರವಾರದ ಹೆಂಗಸರ ಪ್ರಾರ್ಥನಾ ಕೂಟದಲ್ಲಿ, ನನಗೊಂದು ಭಾರ ಇದೆ ಎಂದೆ. ನಮ್ಮಲ್ಲಿ ಪ್ರಾರ್ಥನೆಗೆ ವಿಷಯ ಕೊಡುವವರು ಹೀಗೇ ಶುರು ಮಾಡುವುದು. ಭಾರ ಎಂದರೆ ಸಾಕು, ಹನ್ನೆರಡು ಹೆಂಗಸರೂ ಕಣ್ಣು ಮುಚ್ಚಿ ಕಿವಿ ತೆರೆಯುತ್ತಾರೆ. "ನನ್ನ ತಂಗಿಗಾಗಿ ಬೇಡಿಕೊಳ್ಳಿ, ಈ ವಯಸ್ಸಿಗೇ ಮೇಲಿನ ಹಲ್ಲೆಲ್ಲ ಹೋಗಿ ಸೆಟ್ಟು ಹಾಕ್ಕೊಂಡಿದಾಳೆ, ಮೇಷ್ಟ್ರಿಗಿನ್ನೂ ಗೊತ್ತಿಲ್ಲ, ಎಲ್ಲ ಸುಸೂತ್ರ ಆಗ್ಲಿ" ಎಂದೆ. ಇಷ್ಟೇ. ಪ್ರೀತಿಯಿಂದ ಹೇಳಿದ್ದು. ಭಾನುವಾರದೊಳಗೆ ಅದು ಮೇಷ್ಟ್ರ ಕಿವಿಗೆ ಬಿತ್ತು. ಬೀಳುವಷ್ಟರಲ್ಲಿ ತಂಗಿಯ ಬಾಯಲ್ಲಿ ಒಂದು ಹಲ್ಲೂ ಉಳಿದಿರಲಿಲ್ಲ, ಜೊತೆಗೊಂದು ದೊಡ್ಡ ಕಾಯಿಲೆಯೂ ಸೇರಿತ್ತು. ಮೇಷ್ಟ್ರು "ನಂಗೆ ಸ್ವಲ್ಪ ಸಮಯ ಬೇಕು" ಎಂದುಬಿಟ್ಟರು.

ಪ್ರಾರ್ಥನೆ ಕೇಳಿದ್ದು ತಪ್ಪೇ? ದಾಟಿಸಿದವರನ್ನು ಬಿಟ್ಟು ನನ್ನನ್ನು ಹಿಡಿದುಕೊಂಡಿದ್ದಾರೆ. ದಾಟಿಸಿದ್ದು ಕೂಟದ ಕಾರ್ಯದರ್ಶಿ. ಅವಳಿಗೆ ನಾನಿಟ್ಟ ಹೆಸರು ಡಂಗುರ.

ತಂಗಿ ಜಗಳವಾಡಲಿಲ್ಲ. ಆಡಿದ್ದರೆ ನಾನೂ ನಾಲ್ಕು ಆಡಿ ಮುಗಿಸುತ್ತಿದ್ದೆ. ಅವಳು ನನ್ನನ್ನು "ನೀವು" ಎನ್ನುತ್ತಿದ್ದಾಳೆ. ಹುಟ್ಟಿದಾಗಿನಿಂದ ಅಕ್ಕಾ, ನೀನು, ಹೋಗೇ, ಬಾರೇ ಎಂದವಳು ಬೆಳಿಗ್ಗೆ ಬಚ್ಚಲಿನ ಬಾಗಿಲಲ್ಲಿ ನಿಂತು "ನಿಮ್ಮದಾಯ್ತಾ?" ಎಂದು ಕೇಳುತ್ತಾಳೆ. ಒಂದೇ ಮನೆ, ಎರಡೇ ಕೋಣೆ. ಇಷ್ಟು ಮರ್ಯಾದೆಯನ್ನು ಎಲ್ಲಿಟ್ಟುಕೊಳ್ಳಲಿ ನಾನು?

ಜೂನ್ ೪, ಮಂಗಳವಾರ

ನಮ್ಮ ಕೋಣೆಯಲ್ಲಿ ನನ್ನ ಜೊತೆ ಕೆಲಸ ಮಾಡುವವನು ಪ್ಲಾಸ್ಟರಣ್ಣ. ಡಾಕ್ಟರು ತೆಗೆದುಕೊಟ್ಟ ಬಾಯಿಯ ಅಚ್ಚಿಗೆ ಅವನು ಪ್ಲಾಸ್ಟರ್ ಹುಯ್ದು ಕೊಡುತ್ತಾನೆ, ನಾನು ಅದರ ಮೇಲೆ ಮೇಣದಲ್ಲಿ ಹಲ್ಲು ಜೋಡಿಸುತ್ತೇನೆ. ಹದಿನಾರು ವರ್ಷದಿಂದ ಎದುರುಬದುರು ಕೂತು ಊಟ ಮಾಡಿದ್ದೇವೆ. ಇವತ್ತು ಡಬ್ಬಿ ಬಿಚ್ಚಿ ಕೂತ ಮೇಲೆ ಗೊತ್ತಾಯಿತು, ನನಗೆ ಆಡಲು ಮಾತೇ ಇಲ್ಲ. ಡಾಕ್ಟರು ಎದುರಿಗಿಲ್ಲ. ಮುಂದಿನ ಕೌಂಟರಿನ ಹುಡುಗಿ ಎದುರಿಗಿಲ್ಲ. ಪಕ್ಕದ ಮನೆಯವಳು, ಅವಳ ಗಂಡ, ಅವನ ಎರಡನೇ ಫೋನು, ಯಾವುದೂ ಎದುರಿಗಿಲ್ಲ. ಅನ್ನ ಅಗಿಯುವ ಸದ್ದು ಕೇಳಿಸುತ್ತಿತ್ತು.

"ಹುಷಾರಿಲ್ವಾ?" ಎಂದ ಪ್ಲಾಸ್ಟರಣ್ಣ.

"ಚೆನ್ನಾಗೇ ಇದೀನಿ."

ಇನ್ನೂ ನಾಲ್ಕು ತುತ್ತು. ಆಮೇಲೆ ಅವನೇ ಹೇಳಿದ, ಉಜ್ಜುವ ಯಂತ್ರದ ಸದ್ದಿಗೆ ಅವನ ಎಡಗಿವಿ ಕೇಳಿಸದೆ ಆರು ವರ್ಷವಾಯಿತಂತೆ. ನನಗೆ ಸಿಟ್ಟು ಬಂತು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದೆ. "ಹೇಳೋಕೆ ನೀವೆಲ್ಲಿ ಸಂದು ಕೊಟ್ರಿ?" ಎಂದ.

ನೋಡಿ, ಇದೂ ನನ್ನ ತಲೆಗೇ. ಅವನ ಕಿವಿ ಹೋಗಿದ್ದಕ್ಕೂ ನನ್ನ ಬಾಯಿಯೇ ಕಾರಣ!

ಜೂನ್ ೫, ಬುಧವಾರ

ಪ್ಲಾಸ್ಟರಣ್ಣನ ಬಲಗಡೆ ಕೂತು ಊಟ ಮಾಡಿದೆ. ಅಲ್ಲಿ ಕಿಟಕಿಯ ಗಾಳಿ ಚೆನ್ನಾಗಿ ಬರುತ್ತದೆ.

ಜೂನ್ ೭, ಶುಕ್ರವಾರ

ಕೂಟಕ್ಕೆ ಹೋದೆ. ಹೋಗದೆ ಇದ್ದರೆ ಹೆದರಿದಳು ಎಂದಾರು. ಕೊನೆಯ ಬೆಂಚಿನಲ್ಲಿ ಕೂತು ತುಟಿ ಪಿಟಕ್ಕೆನ್ನಲಿಲ್ಲ. ಡಂಗುರ ಮೂರು ಭಾರ ಹೇಳಿದಳು. ಒಬ್ಬರ ಮಗನ ಕುಡಿತ, ಇನ್ನೊಬ್ಬರ ಸೊಸೆಯ ಸಿಡುಕು, ಮತ್ತೊಬ್ಬರ ಗಂಡನ ಕೆಲಸ ಹೋಗಿದ್ದು. ಮೂವರಲ್ಲಿ ಒಬ್ಬರೂ ಅಲ್ಲಿರಲಿಲ್ಲ. ಅವಳಿಗೆ ಇಪ್ಪತ್ತೊಂದು ದಿನ ಕೊಡುವವರು ಯಾರೂ ಇಲ್ಲ.

ಕರ್ತನೇ, ಬಾಗಿಲು ಹಾಕಿಕೊಂಡೇ ಬರೆಯುತ್ತಿದ್ದೇನೆ. ಇದು ನ್ಯಾಯವೇ?

ಕೆಲಸ ಹೋದ ಆ ಮನುಷ್ಯನ ಮನೆ ನಮ್ಮ ಬೀದಿಯ ಕೊನೆಯಲ್ಲಿದೆ. ಅವನು ಎಂದಿನಂತೆ ಬೆಳಿಗ್ಗೆ ಚೀಲ ನೇತುಹಾಕಿಕೊಂಡು ಹೊರಡುವುದನ್ನು ನೋಡಿದ್ದೇನೆ. ಎಲ್ಲಿಗೆ ಹೋಗುತ್ತಾನೋ ಪಾಪ. ಅವನ ವಿಷಯ ಇದಕ್ಕಿಂತ ಹೆಚ್ಚು ಬರೆಯಲು ಇವತ್ತು ಮನಸ್ಸಿಲ್ಲ.

ಜೂನ್ ೯, ಭಾನುವಾರ

ತಂಗಿ ಹಾಡುವವರ ಸಾಲಿನಲ್ಲಿ ನಿಲ್ಲಲಿಲ್ಲ. ಹಿಂದೆ ಬಂದು ಅಮ್ಮನ ಪಕ್ಕ ಕೂತಳು. ಅಮ್ಮನ ಈಚೆಗೆ ನಾನು. ಅವಳು ಹಾಡಬೇಕಿದ್ದ ಕಡೆ ಬರೀ ಹಾರ್ಮೋನಿಯಂ ನುಡಿಯಿತು. ಸಭೆಯ ಅರ್ಧ ಜನ ತಿರುಗಿ ಅವಳ ಬಾಯಿಯನ್ನು ನೋಡಿದರು. ನೋಡಿದ್ದನ್ನು ನಾನು ನೋಡಿದೆ. ಎದ್ದು ಒಬ್ಬೊಬ್ಬರಿಗೂ ಝಾಡಿಸಬೇಕು ಎನ್ನಿಸಿತು. ಎಲ್ಲರೂ ಎದುರಿಗೇ ಇದ್ದರು, ನಿಯಮವೂ ಅಡ್ಡ ಬರುತ್ತಿರಲಿಲ್ಲ.

ಊಟದ ಹೊತ್ತಿನಲ್ಲಿ ತಂಗಿ ಅಮ್ಮನ ಕಡೆ ತಿರುಗಿ, "ಅವರಿಗೆ ಸಾರು ಬೇಕೇನೋ ಕೇಳು" ಎಂದಳು. ಅಮ್ಮ ಸೌಟನ್ನು ಪಾತ್ರೆಗೆ ಬಿಸಾಕಿ, "ನಾನೇನು ನಿಮ್ಮಿಬ್ಬರ ಮಧ್ಯೆ ಟಪಾಲು ಹೊರೋಳಾ? ಸಾರು ಅಲ್ಲಿದೆ, ಅವಳು ಅಲ್ಲಿದಾಳೆ" ಎಂದಳು. ನಗು ಬಂತು. ತಂಗಿಯ ಕಡೆ ನೋಡಿದೆ. ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಜೂನ್ ೧೨, ಬುಧವಾರ

ಉಪಾಯ ಹೊಳೆಯಿತು! ಎದುರಿಗಿಲ್ಲದವರ ಮಾತು ತಾನೇ ಆಡಬಾರದು? ಎದುರಿಗೇ ಹೋಗಿ ಆಡಿದರೆ ಪಾದ್ರಿಗಳೂ ಏನೂ ಅನ್ನುವ ಹಾಗಿಲ್ಲ. ಕೆಲಸ ಮುಗಿಸಿ ನೆಟ್ಟಗೆ ಡಂಗುರದ ಮನೆಗೆ ಹೋದೆ. ಬಾಗಿಲು ತಟ್ಟುವ ಮೊದಲು ಬೈಗುಳವನ್ನೆಲ್ಲ ಸಾಲಾಗಿ ಜೋಡಿಸಿಕೊಂಡಿದ್ದೆ.

ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದಳು. ಏಳಲು ಹೋಗಿ ಆಗಲಿಲ್ಲ. "ಬನ್ನಿ, ಕೂತ್ಕೊಳ್ಳಿ, ಕಾಲು ಚಾಚ್ಕೊಂಡಿದೀನಿ, ತಪ್ಪು ತಿಳ್ಕೋಬೇಡಿ" ಎಂದಳು. ಬೈಗುಳದ ಮೊದಲ ಸಾಲು ಅಲ್ಲೇ ಉದುರಿತು. ಆದರೂ ಬಿಡಲಿಲ್ಲ.

"ನನ್ನ ತಂಗಿ ವಿಷಯ ಮೇಷ್ಟ್ರಿಗೆ ಮುಟ್ಟಿಸಿದ್ದು ನೀವು."

"ಹೌದು. ಅವರ ಅಕ್ಕನ ಹತ್ರ ಹೇಳ್ದೆ. ಅವರೂ ಪ್ರಾರ್ಥನೆ ಮಾಡ್ಲಿ ಅಂತ."

"ಅಲ್ರೀ, ಯಾರಿಗೆ ಹೇಳಬಾರದು ಅಂತ ಗೊತ್ತಾಗಲ್ವಾ ನಿಮಗೆ?"

"ನಿಮಗೆ ಗೊತ್ತಾಗಿತ್ತಾ?" ಎಂದಳು. ಕೊಂಕಿನಿಂದ ಕೇಳಿದ್ದಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ ಹಾಗಿತ್ತು. "ನಂಗೆ ಹೇಳಿದ್ದು ನೀವು. ನಾನು ಒಬ್ಬರಿಗೆ ಹೇಳ್ದೆ, ನೀವು ಹನ್ನೆರಡು ಜನಕ್ಕೆ ಹೇಳಿದ್ರಿ."

ಅವಳು ಕೊಟ್ಟ ನೀರು ಕುಡಿದು ಬಂದೆ. ದಾರಿಯುದ್ದಕ್ಕೂ ಉತ್ತರ ಹುಡುಕಿದೆ. ಈಗಲೂ ಹುಡುಕುತ್ತಿದ್ದೇನೆ. ಹನ್ನೆರಡು ಜನಕ್ಕೆ ಹೇಳಿದ್ದು ಬೇರೆ, ಒಬ್ಬರಿಗೆ ಹೇಳಿದ್ದು ಬೇರೆ. ಹೇಗೆ ಬೇರೆ ಎಂಬುದನ್ನು ನಾಳೆ ಬರೆಯುತ್ತೇನೆ.

ಜೂನ್ ೧೩, ಗುರುವಾರ

ಬರೆಯಲು ಏನೂ ಇಲ್ಲ.

ಜೂನ್ ೧೭, ಸೋಮವಾರ

ಮೇಷ್ಟ್ರು ಕ್ಲಿನಿಕ್ಕಿಗೇ ಬಂದರು. ಕೌಂಟರಿನ ಹುಡುಗಿ ಒಳಗೆ ಕಳಿಸಿದಳು. ನನ್ನ ಮೇಜಿನ ಮೇಲೆ ಯಾರದೋ ಕೆಳಗಿನ ಸೆಟ್ಟು ಮೇಣದಲ್ಲಿ ನಿಂತಿತ್ತು. ಅದನ್ನು ಬಟ್ಟೆಯಿಂದ ಮುಚ್ಚಿದೆ. ಯಾಕೆ ಮುಚ್ಚಿದೆನೋ, ಹಿಂದೆಂದೂ ಮುಚ್ಚಿದವಳಲ್ಲ. ಪ್ಲಾಸ್ಟರಣ್ಣ ಕೈ ತೊಳೆಯುವ ನೆಪ ಮಾಡಿ ಎದ್ದು ಹೋದ. ಮೇಷ್ಟ್ರು ನಿಂತೇ ಇದ್ದರು, ಸ್ಕೂಟರಿನ ಕೀಲಿ ಬೆರಳಿಗೆ ಸುತ್ತಿಕೊಳ್ಳುತ್ತಾ.

"ಒಂದೇ ಮಾತು ಕೇಳ್ಬೇಕಿತ್ತು. ಹಲ್ಲಿನ ವಿಷಯ ಬಿಡಿ, ಅದು ದೊಡ್ಡದಲ್ಲ. ಆದ್ರೆ ಅದನ್ನ ನಂಗೆ ಹೇಳ್ಲಿಲ್ಲ. ಹಾಗೇ ಹೇಳದೇ ಇರೋದು ಇನ್ನೇನಾದ್ರೂ ಇದ್ಯಾ? ನೀವು ಅಕ್ಕ, ನಿಮಗೆ ಗೊತ್ತಿರುತ್ತೆ."

ಇಲ್ಲ. ಎರಡೇ ಅಕ್ಷರ. ಅಷ್ಟು ಹೇಳಿದ್ದರೆ ಅವರ ಮುಖ ತಿಳಿಯಾಗುತ್ತಿತ್ತು. ಅದರ ಹಿಂದೆಯೇ ತಂಗಿಯ ಗುಣಗಾನವನ್ನೂ ಮಾಡಬಹುದಿತ್ತು. ಅಮ್ಮನ ಕಾಯಿಲೆಯಲ್ಲಿ ಅವಳು ಹೇಗೆ ದುಡಿದಳು, ಮೂವತ್ತಕ್ಕೆ ಬಂದ ಸಂಬಂಧ ಯಾಕೆ ಬಿಟ್ಟಳು, ಆಮೇಲೆ ಎಷ್ಟು ದಿನ ಅತ್ತಳು. ನಾಲಿಗೆಯ ತುದಿಗೇ ಬಂದಿತ್ತು. ಒಳ್ಳೆಯದೇ, ಎಲ್ಲ ಒಳ್ಳೆಯದೇ. ಒಳ್ಳೆಯದರಿಂದಲೇ ಶುರುವಾಗುತ್ತಿತ್ತು.

"ಅವಳು ಇಲ್ಲಿಲ್ಲ ಮೇಷ್ಟ್ರೇ. ಅವಳಿಲ್ಲದಾಗ ಅವಳ ಮಾತು ನಾನು ಆಡಲ್ಲ" ಎಂದೆ.

"ಅಂದ್ರೆ, ಏನೋ ಇದೆ ಅಂತಾನಾ?"

"ಇದೆ ಅಂತಾನೂ ಅಲ್ಲ, ಇಲ್ಲ ಅಂತಾನೂ ಅಲ್ಲ. ಅವಳ ಬಾಯಿ ಅವಳಿಗಿದೆ. ಅವಳನ್ನೇ ಕೇಳಿ."

"ಅಕ್ಕ ಆಗಿ ಇಷ್ಟೂ ಹೇಳಲ್ವಾ?"

"ಅಕ್ಕ ಆಗಿ ಹೇಳಿದ್ದು ಸಾಕಾಗಿದೆ ನಂಗೆ."

ಅವರು ನನ್ನನ್ನು ನೋಡಿದರು. ಮಗ್ಗಿ ತಪ್ಪು ಹೇಳಿದವರನ್ನು ಹಾಗೆ ನೋಡುತ್ತಾರೇನೋ. ಹೊರಟುಹೋದರು.

ಜೂನ್ ೧೮, ಮಂಗಳವಾರ

ಇಲ್ಲ ಎಂದುಬಿಡಬೇಕಿತ್ತು. ನನ್ನ ಹಟಕ್ಕೆ ಅವಳ ಮದುವೆ ಬಲಿಯಾದರೆ? ಹಿಂದೆ ಬಾಯಿ ಬಿಟ್ಟು ಕೆಡಿಸಿದೆ, ಈಗ ಬಾಯಿ ಮುಚ್ಚಿ ಕೆಡಿಸಿದೆ. ಬಾಯಿ ಎಂಬುದನ್ನು ಕೊಟ್ಟದ್ದಾದರೂ ಯಾಕೆ ಕರ್ತನೇ? ತಿನ್ನುವುದಕ್ಕಷ್ಟೇ ಎಂದಿದ್ದರೆ ಮೊದಲೇ ಹೇಳಬಹುದಿತ್ತು.

ಮೇಷ್ಟ್ರು ಬಂದದ್ದನ್ನು ತಂಗಿಗೆ ಹೇಳಲಿಲ್ಲ. ಅವರು ಎದುರಿಗಿಲ್ಲವಲ್ಲ. ಅವಳು ಬಾಗಿಲಲ್ಲಿ ನಿಂತು "ನಿಮ್ಮ ಬಟ್ಟೆ ಒಣಗಿದೆ" ಎಂದಳು.

ಜೂನ್ ೨೧, ಶುಕ್ರವಾರ

ಇವತ್ತು ಕೂಟದಲ್ಲಿ ಅಮ್ಮನೂ ಇದ್ದಳು. ಡಂಗುರ ಎಲ್ಲರನ್ನೂ ಕೂರಿಸಿ, "ಭಾರ ಇರೋರು ಹೇಳಿ" ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ನಿಮ್ಮ ತಂಗಿ ವಿಷಯ ಏನಾಯ್ತು? ಮೇಷ್ಟ್ರು ಏನಾದ್ರೂ ಹೇಳಿದ್ರಾ? ಎಲ್ಲರೂ ಪ್ರಾರ್ಥನೆ ಮಾಡ್ತಾನೇ ಇದೀವಿ." ಹನ್ನೆರಡು ಜೊತೆ ಕಣ್ಣು ಮುಚ್ಚಿಕೊಂಡವು.

ಎದ್ದು ನಿಂತೆ. ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಹೋದ ಮಾತಲ್ಲ.

"ಅವಳು ಇಲ್ಲಿಲ್ಲ. ಅವಳ ವಿಷಯ ಇನ್ಮೇಲೆ ಈ ಕೂಟಕ್ಕೆ ಬರಲ್ಲ. ನನ್ನ ವಿಷಯ ಇದೆ, ಬೇಕಾದ್ರೆ ಕೇಳಿ. ಕಣ್ಣು ಬಿಟ್ಟೇ ಕೇಳಿ."

ಬಿಟ್ಟರು.

"ಅವತ್ತು ನಾನು ಭಾರ ಅಂತ ಹೇಳಿದ್ನಲ್ಲ, ಅದು ಭಾರ ಅಲ್ಲ. ಚಾಡಿ. ನಂಗೆ ಗೊತ್ತಿರೋದು ನಿಮಗ್ಯಾರಿಗೂ ಗೊತ್ತಿಲ್ಲ ಅಂತ ಖುಷಿ ಆಗ್ತಿತ್ತು. ನಾಲಿಗೆ ತುರಿಸ್ತು, ಹೇಳ್ದೆ. ಕೊನೆಗೆ ಆಮೆನ್ ಸೇರಿಸಿದೆ, ಅಷ್ಟೇ. ಅವಳ ಹಲ್ಲು ಮಾಡಿದವಳು ನಾನು. ನನ್ನ ಕೈಗೆ ಬಾಯಿ ಕೊಟ್ಟು ಕೂತಿದ್ಲು ಅವಳು. ಅದನ್ನ ತಂದು ಇಲ್ಲಿ ಹಂಚಿದೆ."

ನಾಚಿಕೆಯಾಯಿತು. ಆದರೆ ಕೂರಲಿಲ್ಲ. ಡಂಗುರ ಗಂಟಲು ಸರಿಮಾಡಿಕೊಂಡಳು. "ನೋಡಿ, ಇದು ಪ್ರಾರ್ಥನಾ ಕೂಟ. ಇಲ್ಲಿ ಈ ಥರ ಎಲ್ಲ..."

"ಹಾಗಾದ್ರೆ ಪ್ರಾರ್ಥನೆ ಮಾಡಿ" ಎಂದೆ. "ನನಗೋಸ್ಕರ ಮಾಡಿ. ನಾನು ಎದುರಿಗೇ ಇದೀನಿ."

ಎದುರಿಗಿದ್ದವರಿಗಾಗಿ ಬೇಡಿ ಅಭ್ಯಾಸವಿಲ್ಲ ನಮಗೆ. ಕೊನೆಗೆ ಅಮ್ಮ ಬೆಂಚು ಹಿಡಿದು ಎದ್ದು ನನ್ನ ತಲೆಯ ಮೇಲೆ ಕೈಯಿಟ್ಟಳು. "ಕರ್ತನೇ, ಇವಳು ನನ್ನ ದೊಡ್ಡ ಮಗಳು. ಬಾಯಿ ಜಾಸ್ತಿ. ನೀನೇ ಕೊಟ್ಟಿದ್ದು, ನೀನೇ ನೋಡ್ಕೋ" ಎಂದಳು. ಡಂಗುರವೇ ಮೊದಲು ಆಮೆನ್ ಎಂದಳು. ಅವಳ ಕಣ್ಣು ಒದ್ದೆಯಾಗಿದ್ದ ಹಾಗೆ ಕಂಡಿತು. ಮೊಣಕಾಲು ನೋವೂ ಇರಬಹುದು, ನನಗೇನು ಗೊತ್ತು.

ಜೂನ್ ೨೨, ಶನಿವಾರ

ಹತ್ತು ಗಂಟೆಗೆ ತಂಗಿ ಕ್ಲಿನಿಕ್ಕಿಗೆ ಬಂದಳು, ಕರ್ಚೀಫು ಬಾಯಿಗೆ ಒತ್ತಿಕೊಂಡು. ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಡಬ್ಬಿ. ಮುಚ್ಚಳ ತೆಗೆದೆ. ಸೆಟ್ಟು ನಟ್ಟನಡುವೆ ಎರಡು ಹೋಳಾಗಿತ್ತು. ತೊಳೆಯುವಾಗ ಕೈಜಾರಿ ಕಲ್ಲಿನ ಮೇಲೆ ಬಿತ್ತಂತೆ. ಇದನ್ನು ಒಂದು ಚೀಟಿಯಲ್ಲಿ ಬರೆದು ತಂದಿದ್ದಳು. ಕೆಳಗೆ ಇನ್ನೊಂದು ಸಾಲು: "ನಾಲ್ಕು ಗಂಟೆಗೆ ಮೇಷ್ಟ್ರು ನನ್ನನ್ನು ನೋಡಬೇಕೆಂದಿದ್ದಾರೆ."

ಬೇರೆ ಬೀದಿಯಲ್ಲಿ ಇನ್ನೊಬ್ಬ ಹಲ್ಲಿನ ಡಾಕ್ಟರಿದ್ದಾರೆ. ಅಲ್ಲಿಗೆ ಹೋಗದೆ ಇಲ್ಲಿಗೆ ಬಂದಿದ್ದಳು.

ಸ್ಟೂಲು ಎಳೆದುಕೊಟ್ಟೆ. ಪ್ಲಾಸ್ಟರಣ್ಣ ಹೋಳುಗಳನ್ನು ಕೂಡಿಸಿಟ್ಟು, ಹಿಂದೆ ತೆಳ್ಳಗೆ ಪ್ಲಾಸ್ಟರ್ ಹುಯ್ದು ಕೊಟ್ಟು, ಇವತ್ತೂ ಕೈ ತೊಳೆಯಲು ಹೋದ. ಅದು ಗಟ್ಟಿಯಾಗುವವರೆಗೆ ನಾವಿಬ್ಬರೇ. ಆಮೇಲೆ ಬಿರುಕಿನ ಎರಡೂ ಅಂಚು ಉಜ್ಜಿ, ವಸಡಿನ ಬಣ್ಣದ ಗುಲಾಬಿ ಪುಡಿಗೆ ದ್ರವ ಬೆರೆಸಿ ತುಂಬಿದೆ. ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು. ಕರ್ಚೀಫು ಕೆಳಗಿಳಿದಿತ್ತು. ಮೇಲ್ತುಟಿ ಒಳಕ್ಕೆ ಹೋಗಿ ಅಮ್ಮನ ಹಾಗೇ ಕಾಣುತ್ತಿದ್ದಳು. ಈ ಮುಖವನ್ನು ಅವಳು ಎರಡು ವರ್ಷದಿಂದ ಯಾರಿಗೂ ತೋರಿಸಿಲ್ಲ, ಹಲ್ಲು ತೆಗೆದಿಟ್ಟರೆ ಗೋಡೆಯ ಕಡೆ ತಿರುಗಿ ಮಲಗುವವಳು.

ಕೊನೆಗೆ ಅವಳೇ ಮಾತಾಡಿದಳು. "ಅಮ್ಮ ಹೇಳಿದ್ಲು, ನಿನ್ನೆ ಕೂಟದಲ್ಲಿ ನೀಉ..."

ಅಲ್ಲೇ ನಿಂತಳು. ಮತ್ತೆ ಪ್ರಯತ್ನಿಸಿದಳು. "ನೀಉ..."

ಸೆಟ್ಟು ಹೊಸದಾಗಿ ಹಾಕಿದವರಿಗೆ ಡಾಕ್ಟರು ಮೊದಲು ಹೇಳಿಸುವ ಅಕ್ಷರವೇ ವ. ಮೇಲಿನ ಹಲ್ಲು ಕೆಳತುಟಿಗೆ ತಾಗಿದರೇ ಅದು ಸರಿಯಾಗಿ ಬರುವುದು. ನಾನು ತಲೆ ತಗ್ಗಿಸಿ ಉಜ್ಜುತ್ತಾ, "ನೀವು ಅನ್ನೋಕೂ ಹಲ್ಲು ಬೇಕು ಕಣೇ" ಎಂದೆ.

ಅವಳ ಭುಜ ಕುಣಿಯಿತು. ಅಳುತ್ತಿದ್ದಾಳೆಂದುಕೊಂಡೆ. ನಗುತ್ತಿದ್ದಳು. ಬಾಯಿ ಮುಚ್ಚಿಕೊಳ್ಳದೆ, ಬೋಳು ವಸಡು ಪೂರಾ ಕಾಣುವ ಹಾಗೆ ನಗುತ್ತಿದ್ದಳು. ನನಗೂ ತಡೆಯಲಾಗಲಿಲ್ಲ. ಉಜ್ಜುವ ಯಂತ್ರ ನಿಲ್ಲಿಸಿ ಇಬ್ಬರೂ ಮೇಜು ಹಿಡಿದುಕೊಂಡು ನಕ್ಕೆವು, ಆಮೇಲೆ ಅತ್ತೆವು ಕೂಡ. "ತಪ್ಪಾಯ್ತು ಕಣೇ" ಎಂದೆ. ಅವಳು ಕರ್ಚೀಫಿನಿಂದ ನನ್ನ ಮುಖ ಒರೆಸಿ, "ನೀನು ಬೇಗ ಮಾಡು, ನಾಲ್ಕು ಗಂಟೆಗೆ ಹೋಗ್ಬೇಕು" ಎಂದಳು. ನೀನು ಎನ್ನಲು ವಸಡೇ ಸಾಕಾಯಿತು.

ಹೊಳಪು ಕೊಟ್ಟು, ತೊಳೆದು, ಕೈಯಲ್ಲಿಟ್ಟೆ. ಅವಳು ಅದನ್ನು ಹಾಕಿಕೊಳ್ಳಲಿಲ್ಲ. ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದಳು. "ಮೇಷ್ಟ್ರ ಎದುರಿಗೇ ಹಾಕ್ಕೋತೀನಿ" ಎಂದಳು. ಬೇಡ ಎನ್ನಲು ಬಾಯಿ ತೆರೆದಿದ್ದೆ. ಮುಚ್ಚಿದೆ.

ಜೂನ್ ೨೩, ಭಾನುವಾರ

ಇಪ್ಪತ್ತೊಂದನೆಯ ದಿನ. ಆರಾಧನೆ ಮುಗಿದ ಮೇಲೆ ಪಾದ್ರಿಗಳು ಬಾಗಿಲಲ್ಲಿ ಕೈಕುಲುಕಿ, "ಹೇಗಿತ್ತಮ್ಮ?" ಎಂದರು. ನಿಮ್ಮ ಅಪ್ಪಣೆಗೆ ಹೆದರಿ ಇದ್ದವಳಲ್ಲ, ಹಟಕ್ಕೆ ಇದ್ದವಳು ಎಂದೆ. "ಹಟ ಇನ್ನೆಷ್ಟು ದಿನ ಇದೆ?" ಎಂದರು. ಅದು ನನ್ನ ಇಷ್ಟ ಎಂದೆ. ಈ ಸಲ ಗಡ್ಡದೊಳಗಿನ ನಗು ಕಂಡಿತು.

ಇವತ್ತು ತಂಗಿ ಹಾಡಿದಳು. ಇದನ್ನು ಬರೆಯಬಹುದು, ಇನ್ನೂರು ಜನ ಕೇಳಿದ್ದಾರೆ. ಒಂದು ಕಡೆ ಸೆಟ್ಟು ಸಣ್ಣಗೆ ಟಕ್ ಎಂದಿತು. ಅವಳು ನಿಲ್ಲಲಿಲ್ಲ, ದನಿಯನ್ನು ಇನ್ನಷ್ಟು ಎತ್ತಿದಳು. ತಿರುಗಿ ನೋಡಿದವರನ್ನು ನಾನೂ ನೋಡಿದೆ. ಬಲಗಡೆ ಚೂರು ಉಜ್ಜಬೇಕು, ನಾಳೆ ಬರಲು ಹೇಳಿದ್ದೇನೆ.

ನಿನ್ನೆ ಸಂಜೆ ಅವಳು ಮನೆಗೆ ಬಂದಾಗ ಅಮ್ಮ ಮಲಗಿದ್ದಳು. ಹಿತ್ತಲ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತು, ಡಬ್ಬಿಯ ಮುಚ್ಚಳ ತೆಗೆದಾಗ ಮೇಷ್ಟ್ರು ಏನು ಮಾಡಿದರು, ಏನು ಕೇಳಿದರು, ತಾನೇನು ಹೇಳಿದೆ, ಎಲ್ಲವನ್ನೂ ಒಂದೂ ಬಿಡದೆ ಹೇಳಿದಳು. "ನಿಂಗೊಬ್ಬಳಿಗೇ ಹೇಳ್ತಿರೋದು ಅಕ್ಕಾ" ಎಂದಳು. ಮೂರು ವಾರದ ಹಿಂದಾಗಿದ್ದರೆ ಈ ಪುಟ ಸಾಲುತ್ತಿರಲಿಲ್ಲ.

ನೋಟ್‌ಬುಕ್ಕು ನನ್ನದೇ, ಓದುವವಳೂ ನಾನೇ. ಆದರೂ ಬರೆಯುವುದಿಲ್ಲ.